ತಾತನ ಕೆಲಸದ ವರ್ಷಗಳನ್ನು ಹುಡುಕಿದ್ದು ಹೀಗೆ

ತಾತ ಎಚ್‌ಎಂಟಿಯಲ್ಲಿದ್ದರು ಅಂದ ತಕ್ಷಣ ಎಲ್ಲರೂ ‘ಓ, ವಾಚ್ ಮಾಡ್ತಿದ್ರಾ?’ ಅಂತಾರೆ. ಇಲ್ಲ ಸ್ವಾಮಿ. ಜಾಲಹಳ್ಳಿಯ ಕಾರ್ಖಾನೆ 1953ರಲ್ಲಿ ಶುರುವಾಗಿದ್ದೇ ಮೆಷಿನ್ ಟೂಲ್ಸ್‌ಗೆ, ಅಂದರೆ ಲೋಹ ಕತ್ತರಿಸಿ ರೂಪ ಕೊಡುವ ಯಂತ್ರಗಳಿಗೆ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ. ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಶುರು ಮಾಡಿದ್ದು ಆಮೇಲೆ, 1961ರಲ್ಲಿ. ತಾತ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕತ್ತರಿಸುವ ಯಂತ್ರ) ಜೋಡಿಸುವ ಫಿಟ್ಟರ್. ಅವರ ಕೆಲಸದ ಬಗ್ಗೆ ಮನೆಯಲ್ಲಿ ಯಾರಿಗೂ ಇದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ. ಅದಕ್ಕೇ ಹುಡುಕಿ ಬರೆದಿಡೋಕೆ ಕೂತೆ.

ಮೊದಲು ಅಜ್ಜಿಯ ಟ್ರಂಕ್. ನೇಮಕದ ಪತ್ರ, ಬಡ್ತಿಯ ಆದೇಶಗಳು, ಪಿಎಫ್ ಚೀಟಿಗಳು, ರಿಟೈರ್ ಆದಾಗ ಕೊಟ್ಟ ಸರ್ಟಿಫಿಕೇಟ್. ತಾರೀಖಿನ ಪ್ರಕಾರ ಜೋಡಿಸಿ, ಒಂದೊಂದನ್ನೂ ಫೋನಿನಲ್ಲಿ ಫೋಟೋ ತೆಗೆದೆ. 1958ರಲ್ಲಿ ಸೇರಿದ್ದು, 1992ರಲ್ಲಿ ಬಿಟ್ಟಿದ್ದು, ನಡುವೆ ಯಾವಾಗ ಯಾವ ಗ್ರೇಡ್ ಅನ್ನೋದು ಸಿಕ್ಕಿತು. ಆದರೆ ಬೆಳಿಗ್ಗೆ ಸೈರನ್ ಆದ ಮೇಲೆ ಈ ಮನುಷ್ಯ ಏನು ಮಾಡ್ತಿದ್ದರು ಅಂತ ಒಂದು ಕಾಗದವೂ ಹೇಳಲಿಲ್ಲ.

ಆಗ ಮತ್ತಿಕೆರೆ, ಜಾಲಹಳ್ಳಿ ಕಡೆ ಇರುವ ಅವರ ಜೊತೆಗಾರರನ್ನು ಹುಡುಕಿಕೊಂಡು ಹೋದೆ. ‘ನಮ್ಮ ತಾತ ಹೇಗಿದ್ರು?’ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ‘ದೇವರಂಥ ಮನುಷ್ಯ ಕಣಪ್ಪ.’ ಅದರಿಂದ ಏನು ಬರೆಯೋದು? ‘ಅವರ ಬೆಂಚು ಎಲ್ಲಿತ್ತು?’ ಅಂತ ಕೇಳಿದಾಗ ಮಾತೇ ಬದಲಾಯಿತು. ಜೊತೆಗೆ ತಾತನ ಒಂದು ಸ್ಕ್ರೇಪರ್, ಅಂದರೆ ಲೋಹ ಕೆರೆಯುವ ಉಳಿ, ಒಯ್ದಿದ್ದೆ. ಹಳೆ ಅರವನ್ನು ಸಾಣೆ ಹಿಡಿದು ತುದಿ ಚಪ್ಪಟೆ ಮಾಡಿಕೊಂಡಿದ್ದು. ಒಬ್ಬ ಹಿರಿಯರು ಅದನ್ನು ತೆಗೆದುಕೊಂಡು ಹಿಡಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಊಟದ ಟೇಬಲ್ ಮೇಲೇ ತೋರಿಸಿಬಿಟ್ಟರು. ಅವರ ಸೊಸೆಗೆ ಟೇಬಲ್ಲಿನ ಚಿಂತೆ.

ಕೆಲಸ ಇಷ್ಟು. ಲೇತಿನ ಬೆಡ್, ಅಂದರೆ ಉದ್ದನೆಯ ತಳದ ಮೇಲೆ, ಕತ್ತರಿಸುವ ಟೂಲ್ ಹೊತ್ತ ಸ್ಯಾಡಲ್ ಓಡಾಡುತ್ತೆ. ಎರಡೂ ಸರಿಯಾಗಿ ಕೂರದಿದ್ದರೆ ಆ ಲೇತಿನಲ್ಲಿ ಮಾಡಿದ್ದೆಲ್ಲ ಸೊಟ್ಟ. ಬೆಡ್‌ಗೆ ತೆಳ್ಳಗೆ ನೀಲಿ ಬಣ್ಣ ಬಳಿದು, ಸ್ಯಾಡಲ್ ಇಟ್ಟು ಹಿಂದೆ ಮುಂದೆ ಉಜ್ಜಿ, ತಿರುಗಿಸಿ ನೋಡಬೇಕು. ಉಬ್ಬಿದ ಕಡೆ ಮಾತ್ರ ನೀಲಿ ಹತ್ತಿರುತ್ತೆ. ಅಲ್ಲಿ ಸ್ಕ್ರೇಪರ್‌ನಿಂದ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕೆರೆದು, ಒರೆಸಿ, ಮತ್ತೆ ನೀಲಿ. ಚದರ ಇಂಚಿಗೆ ಇಪ್ಪತ್ತರ ಆಸುಪಾಸು ಚುಕ್ಕೆ ಸಮನಾಗಿ ಹರಡುವವರೆಗೂ ಇದೇ. ಚುಕ್ಕೆಗಳ ನಡುವಿನ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತೆ, ಅದಕ್ಕೇ ಕನ್ನಡಿಯ ಹಾಗೆ ನುಣ್ಣಗಿದ್ದರೂ ಆಗೋದಿಲ್ಲವಂತೆ. ಇದನ್ನೆಲ್ಲ ಹೇಳಿದಾಗ ಅಜ್ಜಿ, ‘ಓ, ಆ ಹಾಳು ನೀಲಿನಾ! ಎಷ್ಟು ಒಗೆದ್ರೂ ಬನಿಯನ್ನಿಂದ ಹೋಗ್ತಿರಲಿಲ್ಲ’ ಅಂದರು. ಅಜ್ಜಿಯನ್ನು ನಾನು ಮೊದಲೇ ಕೇಳಬಹುದಿತ್ತು, ಅಲ್ವಾ?

ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೂ ಹೋಗಿ ಬಂದೆ. ಚೆನ್ನಾಗಿದೆ, ಆದರೆ ಜನ ಮುಗಿಬೀಳೋದು ವಾಚಿಗೇ. ನನಗೆ ಜಾಸ್ತಿ ಸಿಕ್ಕಿದ್ದು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ. ಅಲ್ಲಿ ಎಚ್‌ಎಂಟಿಯ ಒಂದು ಎನ್‌ಎಚ್ 22 ಲೇತ್ ಇನ್ನೂ ಓಡುತ್ತಿದೆ. 22 ಅಂದರೆ ಸೆಂಟರ್ ಎತ್ತರ, ಬೆಡ್‌ನಿಂದ ತಿರುಗುವ ಅಕ್ಷದವರೆಗೆ, 220 ಮಿಲಿಮೀಟರ್. ಮಾಲೀಕರು ಅದರ ಟೆಸ್ಟ್ ಚಾರ್ಟನ್ನು, ಅಂದರೆ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದ ಪಟ್ಟಿಯನ್ನು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದಾರೆ. ಸ್ಪಿಂಡಲ್‌ಗೆ (ಲೇತಿನ ತಿರುಗುವ ದಂಡ) ಮ್ಯಾಂಡ್ರೆಲ್ ಅನ್ನೋ ಉದ್ದನೆಯ ನೇರ ಸಲಾಕೆ ಹಾಕಿ, ಸಣ್ಣ ವ್ಯತ್ಯಾಸ ತೋರಿಸುವ ಡಯಲ್ ಗೇಜ್ ಓಡಿಸಿ ನೋಡುವ ಪರೀಕ್ಷೆ ಒಂದಿದೆ. ಮ್ಯಾಂಡ್ರೆಲ್ಲಿನ ತುದಿ ಕೂದಲೆಳೆಯಷ್ಟು ಮೇಲಕ್ಕೆ, ಟೂಲ್ ಕಡೆಗೆ ವಾಲಿದ್ದರೆ ಪಾಸು. ಕೆಳಕ್ಕೆ ಅಥವಾ ಆಚೆ ಕಡೆಗೆ ವಾಲಿದ್ದರೆ ವಾಪಸು. ಯಾಕೆಂದರೆ ಜಾಬಿನ, ಅಂದರೆ ಕತ್ತರಿಸಬೇಕಾದ ಲೋಹದ ತುಂಡಿನ, ಭಾರ ಕೆಳಕ್ಕೆ ಎಳೆಯುತ್ತೆ, ಕತ್ತರಿಸುವಾಗಿನ ಒತ್ತಡ ಆಚೆಗೆ ತಳ್ಳುತ್ತೆ. ಮುಂದೆ ಆಗುವ ತಪ್ಪನ್ನು ಮೊದಲೇ ಲೆಕ್ಕ ಹಾಕಿ ಕೂರಿಸೋದು! ಆ ಲೇತನ್ನು ಜೋಡಿಸಿದ್ದು ತಾತನೇ ಅಂತ ಹೇಳುವ ಆಧಾರ ಇಲ್ಲ, ಹಾಗಂತ ಬರೆದೂ ಇಲ್ಲ.

ಮುಷ್ಕರದ ಭಾಗ ಬರೆಯೋದು ಕಷ್ಟವಾಯಿತು. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳ ಕೆಲಸಗಾರರು ಮುಷ್ಕರ ಹೂಡಿದರು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಎಲ್ಲ ಕಡೆಯವರೂ ಇದ್ದರು. ಬಿಎಚ್‌ಇಎಲ್‌ನವರಿಗೆ ಸಿಗುವಷ್ಟು ಸಂಬಳ ನಮಗೂ ಬೇಕು ಅನ್ನೋದು ಬೇಡಿಕೆ. 77 ದಿನ ನಡೆಯಿತು. ಟ್ರಂಕಿನ ಕಾರ್ಖಾನೆ ಕಾಗದಗಳಲ್ಲಿ ಅದರ ಸುಳಿವೇ ಇಲ್ಲ. ಆದರೆ ಅಜ್ಜಿಯ ಬಳೆ ಅಡ ಇಟ್ಟ ಚೀಟಿ ಒಂದಿತ್ತು, ತಾರೀಖು 1981ರ ಫೆಬ್ರವರಿ, ಅಂದರೆ ಮುಷ್ಕರದ ನಡುವೆಯೇ. ಮನೆಯ ಇಂಥ ಕಾಗದಗಳನ್ನು ಸುಮ್ನೆ ಕಸ ಅಂತ ಬಿಸಾಡಬೇಡಿ. ಕಾರ್ಖಾನೆಯ ಕಾಗದಗಳ ಪಕ್ಕದಲ್ಲಿಟ್ಟು ನೋಡಿ.

ಇಂಥ ಹುಡುಕಾಟ ಮಾಡುವವರಿಗೆ ಇನ್ನೊಂದು ಮಾತು. ಹಿರಿಯರ ಹತ್ತಿರ ಹೋಗುವಾಗ ಇಬ್ಬರನ್ನು ಒಟ್ಟಿಗೆ ಕೂರಿಸಿ. ಒಬ್ಬರು ಮರೆತಿದ್ದು ಇನ್ನೊಬ್ಬರಿಗೆ ನೆನಪಿರುತ್ತೆ, ಜಗಳವೂ ಆಗುತ್ತೆ, ಆಗಲಿ. ಕೇಳಿಕೊಂಡೇ ರೆಕಾರ್ಡ್ ಮಾಡಿ, ಅವತ್ತು ರಾತ್ರಿಯೇ ಬರೆದುಕೊಳ್ಳಿ. ತಾತ ಸ್ಯಾಡಲ್ ಕೆಲಸದಿಂದ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ಭಾಗ) ಕೆಲಸಕ್ಕೆ ಹೋಗಿದ್ದು ಮುಷ್ಕರಕ್ಕೆ ಮುಂಚೆ ಅಂತ ಒಬ್ಬರು, ಆಮೇಲೆ ಅಂತ ಇನ್ನೊಬ್ಬರು. ಬಡ್ತಿಯ ಆದೇಶದಲ್ಲೂ ಅದಿಲ್ಲ. ಎರಡನ್ನೂ ಹೇಳಿದವರ ಹೆಸರಿನ ಜೊತೆಗೇ ಬರೆದಿಟ್ಟಿದ್ದೇನೆ.