ಬೈಕ್ ಕಲಿಯುವವರೇ, ಮೊದಲು ನಿಲ್ಲಿಸುವುದನ್ನು ಕಲಿಯಿರಿ

ಬೈಕ್ ಕಲಿಸುವವರು ಸಾಮಾನ್ಯವಾಗಿ ಮೊದಲು ಹೇಳಿಕೊಡುವುದು ಗಾಡಿಯನ್ನು ಮುಂದಕ್ಕೆ ಬಿಡುವುದು ಹೇಗೆ ಅಂತ. ಕ್ಲಚ್ ಬಿಡು, ಎಕ್ಸಲರೇಟರ್ ಕೊಡು, ಹೋಗ್ತಾ ಇರು. ನಿಲ್ಲಿಸುವುದು ಆಮೇಲೆ ತಾನಾಗಿ ಬರುತ್ತದೆ ಅನ್ನುವ ನಂಬಿಕೆ. ಹೊಸಬರ ಭಯ ಬಹುಪಾಲು ಹುಟ್ಟುವುದು ಇಲ್ಲಿಯೇ. ಗಾಡಿ ಓಡುತ್ತಿದೆ, ಆದರೆ ಬೇಕಾದ ಜಾಗದಲ್ಲಿ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ. ಹೀಗಿರುವಾಗ ಕೈಕಾಲು ಬಿಗಿಯಾಗದೆ ಇನ್ನೇನಾಗುತ್ತದೆ?

'ಧೈರ್ಯ ತಂದ್ಕೋ, ಎಲ್ಲ ಸರಿಹೋಗುತ್ತೆ' ಅನ್ನುವ ಮಾತಿನಿಂದ ಏನೂ ಪ್ರಯೋಜನವಿಲ್ಲ. ನಿಲ್ಲಿಸಲು ಬಾರದವರಿಗೆ ಭಯ ಇರಲೇಬೇಕು. ಗಾಡಿ ಗುರುತು ಹಾಕಿದ ಜಾಗದಲ್ಲಿ ನಿಲ್ಲಲು ಶುರುವಾದರೆ ಆ ಭಯ ಇಳಿಯುತ್ತಾ ಹೋಗುತ್ತದೆ. ಕೆಳಗಿನ ಕ್ರಮವನ್ನು ಅದೇ ಲೆಕ್ಕದಲ್ಲಿ ಜೋಡಿಸಿದೆ. ಬೇಕಿರುವುದು ಲರ್ನರ್ ಲೈಸೆನ್ಸ್, ಹೆಲ್ಮೆಟ್, ಸಮತಟ್ಟಾದ ಖಾಲಿ ಮೈದಾನ, ಮತ್ತು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಬಲ್ಲ ಒಬ್ಬ ಅನುಭವಿ. ಹಿಂದಿನ ಸೀಟಿನಲ್ಲಿ ಕೂತು 'ಬ್ರೇಕ್, ಬ್ರೇಕ್' ಅಂತ ಕೂಗುವವರು ಬೇಡವೇ ಬೇಡ. ಅವರ ಭಾರಕ್ಕೆ ಗಾಡಿಯ ಬ್ಯಾಲೆನ್ಸೇ ಬದಲಾಗುತ್ತದೆ.

ಮೈಮೇಲೆ ಏನಿರಬೇಕು

ಹೆಲ್ಮೆಟ್ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆಯೊಂದರ ಪ್ರಕಾರ, ಅದು ಅಪಘಾತದಲ್ಲಿ ಸಾಯುವ ಸಾಧ್ಯತೆಯನ್ನು ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಾಧ್ಯತೆಯನ್ನು ಸುಮಾರು ಶೇ 69ರಷ್ಟು ತಗ್ಗಿಸುತ್ತದೆ. ಆದರೆ ಪಟ್ಟಿ ಬಿಗಿಯದೆ ಸುಮ್ನೆ ತಲೆ ಮೇಲೆ ಇಟ್ಟುಕೊಂಡರೆ, ಬೀಳುವಾಗ ನಿಮಗಿಂತ ಮೊದಲು ಅದೇ ಹಾರಿಹೋಗುತ್ತದೆ. ಕೈಗವಸು, ಪಾದದ ಗಿಣ್ಣು ಮುಚ್ಚುವ ಶೂ, ದಪ್ಪ ಪ್ಯಾಂಟು ಇರಲಿ. ಬೀಳುವಾಗ ಯಾರೇ ಆದರೂ ಮೊದಲು ಊರುವುದು ಅಂಗೈಯನ್ನೇ. ಶೂ ಲೇಸು, ಜೋತಾಡುವ ಬಟ್ಟೆ ಏನಿದ್ದರೂ ಒಳಗೆ ಸಿಕ್ಕಿಸಿ.

ಎಂಜಿನ್ ಆಫ್ ಇರುವಾಗಲೇ ಪರಿಚಯ

ಸ್ಟಾರ್ಟ್ ಮಾಡುವ ಅವಸರ ಬೇಡ. ನ್ಯೂಟ್ರಲ್‌ಗೆ ಹಾಕಿ, ಪಕ್ಕದಲ್ಲಿ ನಿಂತು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಗಾಡಿಯನ್ನು ಮೈದಾನದಲ್ಲಿ ತಳ್ಳಿಕೊಂಡು ಹೋಗಿ. ನೆಟ್ಟಗಿರುವಾಗ ಗಾಡಿಗೆ ಭಾರವೇ ಇಲ್ಲ ಅನ್ನಿಸುತ್ತದೆ. ಸ್ವಲ್ಪ ವಾಲಿದರೂ ಸಾಕು, ಅದರ ಪೂರ್ತಿ ತೂಕ ಕೈಗೆ ಬರುತ್ತದೆ. ಎಷ್ಟು ವಾಲಿದ ಮೇಲೆ ಹಿಡಿಯಲಾಗದು ಅನ್ನುವುದು ದೇಹಕ್ಕೆ ಗೊತ್ತಾಗಬೇಕು. ತಳ್ಳುತ್ತಲೇ ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ನಿಲ್ಲಿಸಿ. ಮತ್ತೆ ತಳ್ಳಿ, ಮತ್ತೆ ನಿಲ್ಲಿಸಿ.

ಆಮೇಲೆ ಹತ್ತಿ ಕೂತು ಕಣ್ಣು ಮುಚ್ಚಿಕೊಳ್ಳಿ. ಹಾರ್ನ್ ಎಲ್ಲಿದೆ, ಇಂಡಿಕೇಟರ್ ಎಲ್ಲಿದೆ, ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಎಲ್ಲಿದೆ ಅನ್ನುವುದನ್ನು ಬೆರಳಲ್ಲೇ ಹುಡುಕಿ. ರಸ್ತೆಯಲ್ಲಿ ಇಂಡಿಕೇಟರ್ ಹುಡುಕಲು ತಲೆ ಬಗ್ಗಿಸಿದಿರೋ, ಅಷ್ಟು ಹೊತ್ತು ಗಾಡಿಯನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.

ಬಿದ್ದ ಗಾಡಿಯನ್ನು ಎತ್ತುವುದನ್ನೂ ಇಲ್ಲೇ ಕಲಿಯಿರಿ. ಇದನ್ನು ಯಾಕೋ ಯಾರೂ ಹೇಳಿಕೊಡುವುದಿಲ್ಲ. ಮೊದಲು ಎಂಜಿನ್ ಆಫ್ ಮಾಡಿ, ಗಾಡಿ ಉರುಳದಂತೆ ಗೇರ್‌ನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಎತ್ತಿದ ಗಾಡಿ ಎಡಕ್ಕೆ ಬೀಳುತ್ತದೆ. ಗಾಡಿಗೆ ಬೆನ್ನು ಮಾಡಿ, ಸೊಂಟವನ್ನು ಸೀಟಿಗೆ ಆನಿಸಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಹಿಂದಿನ ಹಿಡಿ. ಬೆನ್ನು ನೆಟ್ಟಗಿಟ್ಟುಕೊಂಡು ಕಾಲಿನ ಬಲದಿಂದ ಸಣ್ಣ ಹೆಜ್ಜೆ ಹಾಕುತ್ತಾ ಹಿಂದಕ್ಕೆ ನೂಕಿದರೆ ಗಾಡಿ ಏಳುತ್ತದೆ. ಬಗ್ಗಿ ಕೈಬಲದಿಂದ ಎತ್ತಲು ಹೋದರೆ ಗಾಡಿ ಏಳುವುದಿಲ್ಲ, ಸೊಂಟ ಉಳುಕುತ್ತದೆ. ಬಿದ್ದರೆ ಎತ್ತಬಲ್ಲೆ ಅಂತ ಗೊತ್ತಿರುವವರು ಬೀಳುವುದಕ್ಕೆ ಅಷ್ಟಾಗಿ ಹೆದರುವುದಿಲ್ಲ.

ಹಾಫ್ ಕ್ಲಚ್ ಎಲ್ಲಿದೆ?

ಸ್ಟಾರ್ಟ್ ಮಾಡಿ. ಕ್ಲಚ್ ಪೂರ್ತಿ ಒತ್ತಿ, ಒಂದನೇ ಗೇರ್ ಹಾಕಿ. ಎರಡೂ ಕಾಲು ನೆಲದ ಮೇಲಿರಲಿ, ಎಕ್ಸಲರೇಟರ್ ಮುಟ್ಟಬೇಡಿ. ಈಗ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ತಗ್ಗುತ್ತದೆ, ಗಾಡಿ ಮುಂದಕ್ಕೆ ಜಗ್ಗಲು ನೋಡುತ್ತದೆ. ಅಲ್ಲೇ ಬೆರಳು ನಿಲ್ಲಿಸಿ. ಅದೇ ಹಾಫ್ ಕ್ಲಚ್. ಗಾಡಿ ಒಂದೆರಡು ಅಡಿ ತೆವಳಲಿ, ಮತ್ತೆ ಕ್ಲಚ್ ಒತ್ತಿ, ಬ್ರೇಕ್ ಹಿಡಿದು ನಿಲ್ಲಿಸಿ. ಇದನ್ನೇ ಬೇಜಾರಾಗುವ ತನಕ ಮಾಡಿ. ಬೇಜಾರು ಬಂತು ಅಂದರೆ ಕೈಗೆ ಬಂತು ಅಂತಲೇ ಅರ್ಥ.

ಎಕ್ಸಲರೇಟರ್ ಕೊಡುವಾಗ ಮಣಿಕಟ್ಟಿನ ಮೇಲೆ ಕಣ್ಣಿಡಿ. ಹೊಸಬರು ಮಣಿಕಟ್ಟನ್ನು ಎತ್ತರಕ್ಕೆ ಇಟ್ಟು ಹಿಡಿಯುತ್ತಾರೆ. ಗಾಡಿ ಜಿಗಿದಾಗ ಮೈ ಹಿಂದಕ್ಕೆ ವಾಲುತ್ತದೆ, ವಾಲಿದ ಮೈ ಕೈಯನ್ನು ಎಳೆಯುತ್ತದೆ, ಕೈ ಎಕ್ಸಲರೇಟರನ್ನು ಇನ್ನಷ್ಟು ತಿರುಗಿಸುತ್ತದೆ. 'ಗಾಡಿ ತಾನಾಗೇ ನುಗ್ಗಿಬಿಡ್ತು' ಅನ್ನುತ್ತಾರಲ್ಲ, ನಡೆದದ್ದು ಇದು. ಮಣಿಕಟ್ಟು ಕೆಳಗಿದ್ದು, ಮಂಡಿಗಳು ಟ್ಯಾಂಕನ್ನು ಒತ್ತಿ ಹಿಡಿದಿದ್ದರೆ ಮೈ ಹಿಂದಕ್ಕೆ ಹೋಗುವುದಿಲ್ಲ. ಏನೇ ಗಾಬರಿಯಾದರೂ ಕ್ಲಚ್ ಒತ್ತಿಬಿಡಿ. ಎಂಜಿನ್ ಎಷ್ಟೇ ಕೂಗಿದರೂ ಅದರ ಬಲ ಚಕ್ರಕ್ಕೆ ಹೋಗುವುದಿಲ್ಲ.

ಗೇರ್ ಬದಲಿಸುವುದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದು ಎರಡು ದಿನದಲ್ಲಿ ಬರುತ್ತದೆ.

ಬ್ರೇಕ್: ಸಮಯವೆಲ್ಲ ಇದಕ್ಕೇ ಇರಲಿ

ಲಾಸ್ ಏಂಜಲೀಸ್‌ನಲ್ಲಿ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ಹ್ಯಾರಿ ಹರ್ಟ್ ಅವರ ತಂಡ 1981ರಲ್ಲಿ ವರದಿ ಕೊಟ್ಟಿತು. ಅಪಾಯ ಕಂಡ ಮೇಲೆ ತಪ್ಪಿಸಿಕೊಳ್ಳಲು ಸವಾರರಿಗೆ ಸಾಮಾನ್ಯವಾಗಿ ಸಿಕ್ಕಿದ್ದು 2 ಸೆಕೆಂಡಿಗೂ ಕಡಿಮೆ ಸಮಯ. ಆ ಹೊತ್ತಿನಲ್ಲಿ ಹೆಚ್ಚಿನವರು ಮಾಡಿದ್ದೇನು? ಹಿಂದಿನ ಬ್ರೇಕನ್ನು ತುಳಿದು ಚಕ್ರ ಜಾರಿಸಿದರು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿಯಲಿಲ್ಲ. 2 ಸೆಕೆಂಡಿನಲ್ಲಿ ಯೋಚನೆ ಮಾಡಲು ಆಗುವುದಿಲ್ಲ. ಕೈಗೆ ಏನು ರೂಢಿಯಾಗಿದೆಯೋ ಅದನ್ನೇ ಅದು ಮಾಡುತ್ತದೆ.

'ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತೆ' ಅಂತ ಹೇಳಿಕೊಡುವವರು ಇಂದಿಗೂ ಇದ್ದಾರೆ. ಇಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರ್ ನೆಲಕ್ಕೆ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಜೋರಾಗಿ ನಿಲ್ಲಿಸುವಾಗ ಸುಮಾರು ಶೇ 70ರಷ್ಟು ಕೆಲಸ ಮುಂದಿನ ಬ್ರೇಕಿನದೇ. ಅಪಾಯವಿರುವುದು ಅದನ್ನು ಒಮ್ಮೆಲೇ ಕಚ್ಚಿ ಹಿಡಿಯುವುದರಲ್ಲಿ. ಭಾರ ಇನ್ನೂ ಮುಂದಕ್ಕೆ ಬರುವ ಮೊದಲೇ ಚಕ್ರ ನಿಂತುಬಿಟ್ಟರೆ ಟೈರ್ ಜಾರುತ್ತದೆ. ನಿಂಬೆಹಣ್ಣು ಹಿಂಡಿದ ಹಾಗೆ ಹಿಡಿಯಬೇಕು: ಮೊದಲು ಮೆಲ್ಲಗೆ, ಮುಂದಿನ ಶಾಕ್ ಅಬ್ಸಾರ್ಬರ್ ಕುಸಿದದ್ದು ಕೈಗೆ ಗೊತ್ತಾದ ಮೇಲೆ ಇನ್ನಷ್ಟು ಬಿಗಿಯಾಗಿ.

ಅಭ್ಯಾಸ ಹೀಗೆ. ನೆಲದಲ್ಲಿ ಮರಳು, ಜಲ್ಲಿ ಇಲ್ಲದ ಕಡೆ ಒಂದು ಗುರುತು ಹಾಕಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ನೇರವಾಗಿ ಬನ್ನಿ. ಗುರುತು ದಾಟಿದಾಗ ಎಕ್ಸಲರೇಟರ್ ಬಿಟ್ಟು, ಎರಡೂ ಬ್ರೇಕ್ ಒಟ್ಟಿಗೆ ಹಿಡಿದು, ನಿಲ್ಲುವ ಹೊತ್ತಿಗೆ ಕ್ಲಚ್ ಒತ್ತಿ. ಕಣ್ಣು ದೂರದಲ್ಲಿರಲಿ, ಮುಂದಿನ ಚಕ್ರದ ಮೇಲಲ್ಲ. ನಿಂತ ಜಾಗಕ್ಕೆ ಒಂದು ಕಲ್ಲಿಡಿ. ಮುಂದಿನ ಸಲ ಅದಕ್ಕಿಂತ ಸ್ವಲ್ಪ ಹಿಂದೆಯೇ ನಿಲ್ಲಿಸಿ. ಕಲ್ಲು ಹತ್ತಿರ ಹತ್ತಿರ ಬರುತ್ತಾ ಹೋಗುವುದನ್ನು ನೋಡುವ ಖುಷಿಯೇ ಬೇರೆ. ಕೈ ಪಳಗಿದ ಮೇಲೆ 30, ಆಮೇಲೆ 40. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ. 20ರಲ್ಲಿ 3 ಮೀಟರಿಗೆ ನಿಂತ ಗಾಡಿಗೆ 40ರಲ್ಲಿ 12 ಮೀಟರ್ ಬೇಕು. ಅದೂ ಬ್ರೇಕಿಗೆ ಕೈ ಹೋದ ಮೇಲಿನ ಲೆಕ್ಕ.

ಮುಂದಿನ ಚಕ್ರ ಜಾರಿತು ಅನ್ನಿಸಿದರೆ ತಕ್ಷಣ ಬಿಟ್ಟು ಮತ್ತೆ ಮೆಲ್ಲಗೆ ಹಿಡಿಯಿರಿ. ಹಿಂದಿನ ಚಕ್ರ ಜಾರಿ ಗಾಡಿ ಅಡ್ಡಕ್ಕೆ ತಿರುಗಿದ್ದರೆ ಮಾತ್ರ ಬ್ರೇಕನ್ನು ಫಕ್ಕನೆ ಬಿಡಬೇಡಿ. ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಿ ಗಾಡಿ ನಿಮ್ಮನ್ನು ಎತ್ತಿ ಎಸೆಯಬಹುದು. ಎಬಿಎಸ್ (ಚಕ್ರ ಪೂರ್ತಿ ನಿಂತು ಜಾರದಂತೆ ಬ್ರೇಕನ್ನು ತಾನೇ ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಲಿವರ್ ಬೆರಳಿನ ಕೆಳಗೆ ಅದುರುತ್ತದೆ. ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಹೆದರಿ ಕೈ ಬಿಡಬೇಡಿ.

ನಿಧಾನವಾಗಿ ಓಡಿಸುವುದೇ ಕಷ್ಟ

ವೇಗದಲ್ಲಿ ಗಾಡಿ ತಾನೇ ನೆಟ್ಟಗಿರುತ್ತದೆ. ನಡೆಯುವಷ್ಟು ನಿಧಾನಕ್ಕೆ ಬಂದಾಗಲೇ ಸವಾರನಿಗೆ ಕೆಲಸ. ಹಾಫ್ ಕ್ಲಚ್‌ನಲ್ಲಿ ಬಲ ಕೊಡುತ್ತಾ, ಹಿಂದಿನ ಬ್ರೇಕನ್ನು ಒಂಚೂರು ಒತ್ತಿ ಹಿಡಿದು, ಎರಡರ ನಡುವೆ ಗಾಡಿಯನ್ನು ತೂಗಿಸಿಕೊಂಡು ಹೋಗಬೇಕು. ಕಾಲು ಫುಟ್‌ರೆಸ್ಟ್ ಮೇಲೇ ಇರಲಿ. ಸಂದಿಯಲ್ಲಿ, ಟ್ರಾಫಿಕ್‌ನಲ್ಲಿ, ಗಾಡಿ ನಿಲ್ಲಿಸುವ ಜಾಗದಲ್ಲಿ ಎಲ್ಲರೆದುರು ಮಾನ ಉಳಿಸುವುದು ಈ ವಿದ್ಯೆಯೇ.

ಯು-ಟರ್ನ್ ಮಾಡುವಾಗ ತಲೆಯನ್ನು ಪೂರ್ತಿ ತಿರುಗಿಸಿ, ಹೋಗಬೇಕಾದ ಕಡೆ ನೋಡಿ. ಗಾಡಿ ಕಣ್ಣು ಹೋದ ಕಡೆಗೇ ಹೋಗುತ್ತದೆ. ಗುಂಡಿಯನ್ನೇ ನೋಡುತ್ತಾ ಕೂತರೆ ಗುಂಡಿಗೇ ಬೀಳುತ್ತೀರಿ, ಪಕ್ಕದಲ್ಲಿ ಎಷ್ಟೇ ಜಾಗವಿದ್ದರೂ ಅಷ್ಟೇ. ಇನ್ನೊಂದು ವಿಷಯ: ಹ್ಯಾಂಡಲ್ ತಿರುಗಿರುವಾಗ, ತೀರಾ ನಿಧಾನದಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ಗಾಡಿ ಆ ಕಡೆಗೇ ದೊಪ್ಪನೆ ವಾಲುತ್ತದೆ. ಹೊಸಬರು ಗಾಡಿ ಬೀಳಿಸುವುದು ಹೆಚ್ಚಾಗಿ ಹೀಗೆಯೇ, ಅದೂ ಮನೆ ಮುಂದೆಯೇ.

ತಿರುವು ಅನ್ನುವ ಗುಟ್ಟು

ಸ್ವಲ್ಪ ವೇಗ ಬಂದ ಮೇಲೆ ಬಲಕ್ಕೆ ತಿರುಗಲು ಬಲಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು, ಅಂದರೆ ಕ್ಷಣಕಾಲ ಎಡಕ್ಕೆ ತಿರುಗಿಸಿದ ಹಾಗೆ. ಗಾಡಿ ಬಲಕ್ಕೆ ವಾಲುತ್ತದೆ, ವಾಲಿದ ಕಡೆಗೆ ತಿರುಗುತ್ತದೆ. ನಂಬಿಕೆ ಬರುವುದಿಲ್ಲ ಅಲ್ವಾ? ವಿಮಾನ ಕಟ್ಟಿದ ವಿಲ್ಬರ್ ರೈಟ್‌ಗೆ ಸೈಕಲ್ಲಿನ ಈ ಗುಟ್ಟು ಗೊತ್ತಿತ್ತು. ಸೈಕಲ್ ಹೊಡೆಯುವವರನ್ನು ಕೇಳಿದರೆ, ದಿನಾ ಮಾಡುತ್ತಿದ್ದರೂ ತಾವೇನು ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಲಿಲ್ಲ. ನೇರ ಹೋಗುವಾಗ ಮೆಲ್ಲಗೆ ಒಂದು ಕಡೆ ಒತ್ತಿ ನೋಡಿ, ಅರ್ಥವಾಗುತ್ತದೆ. ಬ್ರೇಕನ್ನೆಲ್ಲ ತಿರುವಿಗೆ ಮೊದಲೇ ಮುಗಿಸಿ. ತಿರುವಿನೊಳಗೆ ಎಕ್ಸಲರೇಟರ್ ಒಂದೇ ಹದದಲ್ಲಿರಲಿ. ಟೈರ್ ಹೊಸದಾಗಿದ್ದರೆ ಮೊದಲ 100–150 ಕಿ.ಮೀ. ಜಾಸ್ತಿ ವಾಲಿಸಬೇಡಿ. ಮೇಲಿನ ನುಣುಪು ಹೋಗಲು ಅಷ್ಟು ಓಟ ಬೇಕು.

ರಸ್ತೆಗೆ

ಪರಿಚಯವಿರುವ ರಸ್ತೆ, ವಾಹನ ಕಡಿಮೆ ಇರುವ ಹೊತ್ತು, ಒಣ ನೆಲ. ಮೊದಲ ಸುತ್ತುಗಳಿಗೆ ಈ ಮೂರೂ ಬೇಕು. ಹೆಗಲು ಬಿಗಿಯಾದರೆ, ಉಸಿರು ಕಟ್ಟಿದ ಹಾಗಾದರೆ ಬದಿಗೆ ನಿಲ್ಲಿಸಿ ಇಳಿಯಿರಿ. ದಣಿದ ಮೇಲೆ ಓಡಿಸಿದರೆ ತಪ್ಪುಗಳೇ ರೂಢಿಯಾಗುತ್ತವೆ.

ಹರ್ಟ್ ತಂಡ ಇನ್ನೊಂದು ವಿಷಯವನ್ನೂ ಹೇಳಿತ್ತು. ಬೇರೆ ವಾಹನ ಸೇರಿಕೊಂಡ ಅಪಘಾತಗಳಲ್ಲಿ ಸುಮಾರು ಮೂರನೇ ಎರಡು ಪಾಲು ಆದದ್ದು, ಬೈಕಿಗೆ ದಾರಿ ಬಿಡಬೇಕಿದ್ದ ವಾಹನ ಅಡ್ಡ ಬಂದದ್ದರಿಂದ. ಚಾಲಕರಿಗೆ ಬೈಕ್ ಕಂಡೇ ಇರಲಿಲ್ಲ, ಇಲ್ಲವೇ ತಡವಾಗಿ ಕಂಡಿತ್ತು. ಅಡ್ಡರಸ್ತೆಯಲ್ಲಿ ನಿಂತ ಕಾರಿನವರು ನಿಮ್ಮ ಕಡೆ ನೋಡಿದರು ಅಂದ ಮಾತ್ರಕ್ಕೆ ನಿಮ್ಮನ್ನು ಕಂಡರು ಅಂತಲ್ಲ. ಆ ಕಾರಿನ ಮುಂದಿನ ಚಕ್ರ ನೋಡಿ. ಕಾರು ಹೊರಟಿತು ಅನ್ನುವುದು ಮೊದಲು ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಬೆರಳು ಆಗಲೇ ಬ್ರೇಕ್ ಮೇಲಿರಲಿ.

ಮುಂದಿನ ವಾಹನ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ತಲುಪಲು ಕನಿಷ್ಠ 2 ಸೆಕೆಂಡ್ ಆಗಬೇಕು. ಮಳೆಯಿದ್ದರೆ ಅದರ ಎರಡರಷ್ಟು. ಮಳೆ ಶುರುವಾದ ಮೊದಲ ಕೆಲವು ನಿಮಿಷ ರಸ್ತೆಯ ಎಣ್ಣೆ, ಧೂಳು ಮೇಲೆದ್ದು ಜಾರಿಕೆ ಜಾಸ್ತಿ, ಅಷ್ಟು ಹೊತ್ತು ಎಲ್ಲಾದರೂ ನಿಂತರೆ ಏನೂ ನಷ್ಟವಿಲ್ಲ. ಹಿಂದಿನಿಂದ ಹಾರ್ನ್ ಹೊಡೆಯುವವರಿಗೆ ಬದಿ ಕೊಟ್ಟು ಹೋಗಲು ಬಿಡಿ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆದರೂ ಅಷ್ಟೇ. ಕ್ಲಚ್ ಒತ್ತಿ, ಸ್ಟಾರ್ಟ್ ಮಾಡಿ, ಹೊರಡಿ. ಹಾರ್ನ್ ಹೊಡೆದವರಿಗೆ ಮುಂದಿನ ಸಿಗ್ನಲ್ ಹೊತ್ತಿಗೆ ನಿಮ್ಮ ನೆನಪೂ ಇರುವುದಿಲ್ಲ.

ಹಿಂದೆ ಒಬ್ಬರು ಕೂತಾಗ

ಇದು ಕೊನೆಗೆ, ಅದೂ ಎಲ್ಲ ಸಲೀಸಾದ ಮೇಲೆ. ಟೈರ್ ಗಾಳಿಯನ್ನು ಇಬ್ಬರ ಲೆಕ್ಕಕ್ಕೆ ಸರಿಮಾಡಿಸಿ. ಹೇಳಿದ ಮೇಲಷ್ಟೇ ಹತ್ತಬೇಕು, ತಿರುವಿನಲ್ಲಿ ನಿಮ್ಮ ಜೊತೆಗೇ ವಾಲಬೇಕು, ನಿಂತಾಗ ಕಾಲು ಕೆಳಗಿಡಬಾರದು ಅಂತ ಅವರಿಗೆ ಮೊದಲೇ ಹೇಳಿಬಿಡಿ. ನಿಲ್ಲಲು ಈಗ ಹೆಚ್ಚು ದೂರ ಬೇಕು, ಹೊರಡುವಾಗ ಕ್ಲಚ್ ಇನ್ನೂ ನಿಧಾನವಾಗಿ ಬಿಡಬೇಕು. ರಸ್ತೆಗೆ ಹೋಗುವ ಮೊದಲು ಮೈದಾನದಲ್ಲಿ ಒಂದಷ್ಟು ಸುತ್ತು ಹೊಡೆದು, ಬ್ರೇಕ್ ಹಿಡಿದು ನೋಡಿ. ಪ್ರತಿಸಲ ಅವರ ಹೆಲ್ಮೆಟ್ ನಿಮ್ಮ ಹೆಲ್ಮೆಟ್‌ಗೆ ಟಕ್ ಅಂತ ಬಡಿಯುತ್ತಿದ್ದರೆ ನಿಮ್ಮ ಕೈ ಇನ್ನೂ ಒರಟು. ಅವರನ್ನು ಇಳಿಸಿ, ಒಬ್ಬರೇ ಇನ್ನೊಂದಿಷ್ಟು ದಿನ ಅಭ್ಯಾಸ ಮಾಡಿ.