ಕೈಲ್ ಪೊಳ್ದ್ ಊಟಕ್ಕೆ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್, ಕೊಡಗಿನಲ್ಲಿ ಹೆಚ್ಚಿನ ಕಡೆ ಸೆಪ್ಟೆಂಬರ್ 3ಕ್ಕೆ. ನಾಟಿ ಮುಗಿದಿದ್ದರೂ ಮಳೆ ಬಿಟ್ಟಿರುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹೊರಗಿಟ್ಟ ಸೌದೆ ಒದ್ದೆ. 25 ಜನ ಊಟಕ್ಕೆ ಸೇರುವ ಮನೆಯಲ್ಲಿ ಹಬ್ಬದ ಬೆಳಗ್ಗೆ ಒಲೆಯ ಮೇಲೆ ಕಡಂಬುಟ್ಟು (ಅಕ್ಕಿ ತರಿಯ ಹಬೆ ಉಂಡೆ) ಮತ್ತು ಅನ್ನ ಬಿಟ್ಟು ಬೇರೇನೂ ಹೊಸದಾಗಿ ಬೇಯಬಾರದು. ಉಳಿದದ್ದೆಲ್ಲ ಅದಕ್ಕೂ ಮೊದಲೇ ಆಗಿಬಿಡಬೇಕು.

ಬೈಂಬಳೆ (ಕಣಿಲೆ, ಅಂದರೆ ಎಳೆ ಬಿದಿರು) ಪಲ್ಯ ಬೇಕೆಂದಿದ್ದರೆ ಆಗಸ್ಟ್ 31ಕ್ಕೇ ಕಣಿಲೆ ಹೆಚ್ಚಿ ನೀರಿಗೆ ಹಾಕಿ. ದಿನಾ ನೀರು ಬದಲಿಸಿ, ಕೊನೆಗೆ ಕುದಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಹಾಗಾಗಿ ಇದರಲ್ಲಿ ಅವಸರ ಸಲ್ಲದು.

ಹಬ್ಬದ ಮುನ್ನಾದಿನ ಮಾಂಸದಂಗಡಿ ಮುಂದೆ ಸಾಲು ಇರುತ್ತದೆ, ವಾರ ಮೊದಲೇ ಹೇಳಿಡಿ. 25 ಜನಕ್ಕೆ 5ರಿಂದ 6 ಕಿಲೋ ಹಂದಿ ಮಾಂಸ ಸಾಕು. ಚರ್ಮ, ಕೊಬ್ಬು, ಸ್ವಲ್ಪ ಮೂಳೆ ಇರಲೇಬೇಕು. ಬರೀ ಕೆಂಪು ಮಾಂಸ ತಂದರೆ ಕರಿ ಒಣಗುತ್ತದೆ.

ಪಂದಿಕರಿ (ಹಂದಿ ಮಾಂಸದ ಕರಿ) ಮಾಡಬೇಕಾದದ್ದು 2ನೇ ತಾರೀಕು. ರಾತ್ರಿ ಕಳೆದರೆ ಖಾರ, ಹುಳಿ ತುಂಡಿನೊಳಗೆ ಇಳಿದು ರುಚಿ ಕೂಡುತ್ತದೆ. 5 ಕಿಲೋಗೆ ಈರುಳ್ಳಿ 1 ಕಿಲೋ, ಬೆಳ್ಳುಳ್ಳಿ 150 ಗ್ರಾಂ, ಶುಂಠಿ 100 ಗ್ರಾಂ. ಕಪ್ಪು ಮಸಾಲೆಗೆ ಕೊತ್ತಂಬರಿ 100 ಗ್ರಾಂ, ಕಾಳುಮೆಣಸು 50, ಜೀರಿಗೆ 40, ಸಾಸಿವೆ 15, ಮೆಂತೆ ಒಂದು ಚಮಚ. ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಕಪ್ಪಾಗುವ ಹೊತ್ತಿಗೆ ಜೀರಿಗೆ ಸೀದು ಕಹಿ ಬರುತ್ತದೆ, ಆ ಕಹಿ ಆಮೇಲೆ ಯಾವುದರಿಂದಲೂ ಹೋಗದು. ಕರೆಂಟು ಇರುವಾಗಲೇ ಪುಡಿ ಮಾಡಿ ಡಬ್ಬಕ್ಕೆ ತುಂಬಿ. ಕಾಚಂಪುಳಿ (ಕೊಡಗಿನ ಕಪ್ಪು ಗಟ್ಟಿ ಹುಳಿ ರಸ) ಕಿಲೋಗೆ ಒಂದು ದೊಡ್ಡ ಚಮಚ, ಅದೂ ಮಾಂಸ ಬೆಂದ ಮೇಲೆಯೇ. ಮೊದಲೇ ಹಾಕಿದರೆ ರಸ ಬತ್ತಿದಂತೆಲ್ಲ ಹುಳಿ ಏರುತ್ತದೆ. ಮುಕ್ಕಾಲು ಪಾಲು ಹಾಕಿ, ರುಚಿ ನೋಡಿ, ಉಳಿದದ್ದನ್ನು ಸೇರಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಆಗದು.

ಕರಿ ದೊಡ್ಡ ಪಾತ್ರೆಯಲ್ಲೇ ಉಳಿದರೆ ನಡುವಿನ ಬಿಸಿ ಗಂಟೆಗಟ್ಟಲೆ ಆರುವುದಿಲ್ಲ, ಕೆಡುವುದು ಅಲ್ಲಿಂದಲೇ. ಅಗಲ ಪಾತ್ರೆಗಳಿಗೆ ಹಂಚಿ, ಬೇಗ ಆರಿಸಿ, ಫ್ರಿಜ್ಜಿಗಿಡಿ. ಮರುದಿನ ಕೊಬ್ಬು ಕರಗಿ ಚೆನ್ನಾಗಿ ಕುದಿಯುವವರೆಗೆ ಬಿಸಿ ಮಾಡಿ.

ಕಡಂಬುಟ್ಟು ಮಾತ್ರ ಅಂದಂದೇ ಆಗಬೇಕು. ತಲೆಗೆ ಐದರಂತೆ 125 ಆಗಬೇಕಾದರೆ ಎರಡೂವರೆ ಕಿಲೋ ಅಕ್ಕಿಯ ತರಿ (ರವೆ) ಬೇಕು. ಹಿಂದಿನ ರಾತ್ರಿಯೇ ಜರಡಿ ಹಿಡಿದು ಹಿಟ್ಟು ಬೇರ್ಪಡಿಸಿ, ಹಿಟ್ಟು ಉಳಿದರೆ ಕಡಂಬುಟ್ಟು ಅಂಟಂಟಾಗುತ್ತದೆ. ಒಂದು ಅಳತೆ ತರಿಗೆ ಎರಡೂವರೆ ಅಳತೆ ನೀರು, ಉಪ್ಪು, ಏಲಕ್ಕಿ, ಸ್ವಲ್ಪ ತುಪ್ಪ. ಅಕ್ಕಿ ಹಳೆಯದಾದರೆ ನೀರು ಇನ್ನೊಂಚೂರು ಹೆಚ್ಚು ಕುಡಿಯುತ್ತದೆ. ಎರಡು ಸಲ ಮಾಡಿ ತಿರುವಿ, ಒಂದೇ ಸಲಕ್ಕೆ ಕೈ ಸೋಲುತ್ತದೆ.

ಕೈಗೆ ನೀರು ಮುಟ್ಟಿಸಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಆರಿದ ಹಿಟ್ಟು ಬಿರುಕು ಬಿಡುತ್ತದೆ. ಹಬೆ ಪಾತ್ರೆಯ ಮುಚ್ಚಳಕ್ಕೆ ಒಣ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹನಿ ಬಿದ್ದು ಮೇಲಿನ ಸಾಲು ಲೋಳೆಯಾಗುತ್ತದೆ. ಒಂದು ಸುತ್ತಿಗೆ 25 ನಿಮಿಷ. ಪಾತ್ರೆ 40 ಹಿಡಿಸಿದರೆ ಮೂರು ಸುತ್ತಿಗೆ 120 ಆಗುತ್ತದೆ, ಮಿಕ್ಕ ಐದನ್ನು ಸಂದಿಯಲ್ಲಿ ಸೇರಿಸಿ. ಕೋವಿ, ಕತ್ತಿಯ ಪೂಜೆ ಮುಗಿದು 1 ಗಂಟೆಗೆ ಎಲೆ ಹಾಕುವುದಾದರೆ ತರಿ 10 ಗಂಟೆಗೆ ಒಲೆಗೆ ಏರಬೇಕು. ಬೆಂದದ್ದನ್ನು ಬಟ್ಟೆ ಹಾಸಿದ ಹಾಟ್‌ಬಾಕ್ಸಿಗೆ ಹಾಕಿ.

ಮಾಂಸ ತಿನ್ನದವರಿಗೆ ಸಿಹಿಗುಂಬಳ ಕರಿ ಹಿಂದಿನ ದಿನವೇ ಬೇಡ, ನೀರಾಗುತ್ತದೆ. ಬೆಳಗ್ಗೆ ಪಂದಿಕರಿ ಬಿಸಿ ಮಾಡುವ ಮೊದಲು 20 ನಿಮಿಷದಲ್ಲಿ ಆಗುತ್ತದೆ, ಒಲೆಗೆ ಅದೊಂದೇ ರಿಯಾಯಿತಿ. ಉಳಿದ ಕಡಂಬುಟ್ಟನ್ನು ಮರುದಿನ ಸೀಳಿ ತುಪ್ಪದಲ್ಲಿ ಕೆಂಪಗೆ ಹುರಿದರೆ ಕಾಫಿ ಜೊತೆ ಸೊಗಸು.