ಹಳೆಯ ಆಲ್ಟೋ: ಎಂಜಿನ್ ಬೋರ್ ಮಾಡಿಸುವುದೋ, ಬೇರೆಯದನ್ನೇ ಕೂರಿಸುವುದೋ?

ಸೈಲೆನ್ಸರಿನಲ್ಲಿ ಆಯಿಲ್ ಉರಿದ ನೀಲಿ ಹೊಗೆ ಕಂಡ ಕೂಡಲೇ ಎಂಜಿನ್ ಇಳಿಸಿ ಬೋರ್ ಮಾಡಿಸಲು, ಅಂದರೆ ಸವೆದ ಸಿಲಿಂಡರ್ ಕೊರೆದು ಹಿಗ್ಗಿಸಲು, ಒಪ್ಪಬೇಡಿ. ಬೆಳಗಿನ ಮೊದಲ ಸ್ಟಾರ್ಟಿಗೆ ಬಂದು ನಿಂತುಹೋಗುವ ಹೊಗೆಗೆ ಸಾಮಾನ್ಯವಾಗಿ ವಾಲ್ವ್ ಬಳಿ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಕಾರಣ, ಅದಕ್ಕೆ ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಭಾಗ) ಮುಟ್ಟಬೇಕಿಲ್ಲ. ಏರು ಹತ್ತುವಾಗ ಹೊಗೆ ಹೆಚ್ಚುತ್ತಿದ್ದರೆ, ಸಾವಿರ ಕಿಲೋಮೀಟರಿಗೆ ಲೀಟರ್‌ನಷ್ಟು ಆಯಿಲ್ ಖಾಲಿಯಾಗುತ್ತಿದ್ದರೆ ಪಿಸ್ಟನ್ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಮೇಲೆ ಅನುಮಾನ ಪಡಿ.

ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಪ್ಲಗ್ಗಿನ ತೂತಿಗೆ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆಸಿ. ಎಂಜಿನ್ ಬಿಸಿಯಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಮೂರೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಮತ್ತು ಇಗ್ನಿಷನ್ ಕಡಿತಗೊಳಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಅತಿ ಕಡಿಮೆ ಒತ್ತಡದ ಸಿಲಿಂಡರ್ ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿದ್ದರೆ ಅದರೊಳಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ತೊಂದರೆ ರಿಂಗ್ ಅಥವಾ ಬೋರಿನದು, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನದು (ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ). ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕುಸಿದಿದ್ದರೆ ಗ್ಯಾಸ್ಕೆಟ್ಟನ್ನೇ ಮೊದಲು ನೋಡಿ.

ನಿಜವಾದ ತೀರ್ಮಾನ ಲೇತ್ ಅಂಗಡಿಯಲ್ಲಿ, ಒಳವ್ಯಾಸ ಅಳೆಯುವ ಬೋರ್ ಗೇಜಿನ ಮುಂದೆ. 796 ಸಿಸಿ ಆಲ್ಟೋದ ಮೂಲ ಬೋರಿನ ವ್ಯಾಸ 68.5 ಮಿ.ಮೀ. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಎರಡೆರಡು ದಿಕ್ಕಿನಲ್ಲಿ ಅಳೆಸಿ. ವ್ಯತ್ಯಾಸ 0.10 ಮಿ.ಮೀ. ದಾಟಿದರೆ ಬರೀ ರಿಂಗ್ ಬದಲಿಸುವುದು ದುಡ್ಡು ದಂಡ. ಅಂಡಾಕಾರವಾದ ಬೋರಿನಲ್ಲಿ ದುಂಡನೆಯ ಹೊಸ ರಿಂಗ್ ಕೂರುವುದಿಲ್ಲ, ಸ್ವಲ್ಪ ದಿನಕ್ಕೆ ಹೊಗೆ ಮರಳುತ್ತದೆ. 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ (ಮೂಲಕ್ಕಿಂತ ಅಷ್ಟು ದೊಡ್ಡ) ಪಿಸ್ಟನ್ ಮೊದಲು ಕೊಂಡು, ಕೈಯಲ್ಲಿರುವ ಪಿಸ್ಟನ್ನಿನ ಅಳತೆಗೇ ಬೋರ್ ಹೊಡೆಸಿ. ಹೋನಿಂಗ್ (ಕೊರೆದ ಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸುವುದು) ಆದಮೇಲೆ ಬಿಸಿ ಸೋಪುನೀರಿನಲ್ಲಿ ಉಜ್ಜಿ ತೊಳೆಯದಿದ್ದರೆ ಉಳಿದ ಪುಡಿ ಹೊಸ ರಿಂಗನ್ನೂ ಬೇರಿಂಗನ್ನೂ ತಿಂದುಹಾಕುತ್ತದೆ. ರೀಬೋರ್ ಕೆಲಸ ಎಷ್ಟೋ ಸಲ ಕೆಡುವುದು ಇಲ್ಲೇ.

ಬ್ಲಾಕ್ ಈಗಾಗಲೇ 0.50 ಓವರ್‌ಸೈಜಿಗೆ ಕೊರೆದಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾಗಿದ್ದರೆ ಸಾಮಾನ್ಯವಾಗಿ ಬದಲಿ ಎಂಜಿನ್ನೇ ದಾರಿ. ಕ್ರ್ಯಾಂಕ್ ಜರ್ನಲ್‌ಗಳು (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗಗಳು) ಅಂಡರ್‌ಸೈಜ್ ಬೇರಿಂಗಿನ, ಅಂದರೆ ಉಜ್ಜಿ ಸಣ್ಣಗಾದ ಜರ್ನಲ್‌ಗೆಂದೇ ಸಿಗುವ ಬೇರಿಂಗಿನ, ಅಳತೆಯನ್ನೂ ಮೀರಿ ಸವೆದಿದ್ದರೆ ಹೊಸ ಕ್ರ್ಯಾಂಕಿನ ಬೆಲೆ ಸೇರಿಸಿ ಮತ್ತೆ ಲೆಕ್ಕ ಹಾಕಿ. ಬೋರಿಂಗ್, ಬಿಡಿಭಾಗ, ಕೂಲಿ ಎಲ್ಲ ಸೇರಿ ಕಾರಿನ ಇಂದಿನ ಬೆಲೆಯ ಅರ್ಧ ದಾಟಿದರೆ ರೀಬೋರ್ ಕೈಬಿಡುವುದು ಲೇಸು.

ಗುಜರಿಯ ಎಂಜಿನ್ ಕೊಳ್ಳುವಾಗ ‘ಚೆನ್ನಾಗಿ ಓಡ್ತಿತ್ತು ಸಾರ್’ ಎಂಬ ಮಾತಿಗೆ ಬೆಲೆಯಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯೇ ಇರಲಿ, ನಿಮ್ಮೂರಿನ ಅಂಗಡಿಯೇ ಇರಲಿ, ನೆಲದ ಮೇಲಿಟ್ಟ ಎಂಜಿನ್ನಿಗೂ ಸ್ಟಾರ್ಟರ್, ಬ್ಯಾಟರಿ ಜೋಡಿಸಿ ಕಂಪ್ರೆಷನ್ ನೋಡಬಹುದು. ಆಯಿಲ್ ಮುಚ್ಚಳದಡಿ ಹಾಲು ಕಾಫಿಯಂಥ ನೊರೆಯಿದ್ದರೆ ನೀರು ಬೆರೆತಿದೆ ಎಂಬ ಅನುಮಾನ, ಬಿಟ್ಟುಬಿಡಿ. ಎಂಜಿನ್ ನಂಬರ್ ಉಜ್ಜಿದ್ದರಂತೂ ಮುಟ್ಟಲೇಬೇಡಿ. ಆರ್‌ಸಿಯಲ್ಲಿ ಆ ನಂಬರ್ ಇರುವುದರಿಂದ ಬದಲಾಯಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಬಿಲ್ ಇಟ್ಟುಕೊಂಡು, ನಂಬರ್ ತಿದ್ದಿಸಿ ವಿಮಾ ಕಂಪನಿಗೂ ತಿಳಿಸಿ.

ಯಾವುದೇ ದಾರಿ ಹಿಡಿದರೂ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಸಿ. ಕ್ಲಚ್ ಪ್ಲೇಟನ್ನೂ ಆಗಲೇ ನೋಡಿಸಿ. ಈಗ ಬಿಟ್ಟರೆ ಇವುಗಳಲ್ಲಿ ಕೆಲವಕ್ಕೆ ಮುಂದೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ. ಬೋರ್ ಮಾಡಿಸಿದ ಎಂಜಿನ್ನಿಗೆ ಮೊದಲ 500 ಕಿ.ಮೀ.ಗೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಸಾವಿರ ಮುಟ್ಟುವವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂಬೇಡಿ.